ಹುಳು ತಿಂದ ಪತ್ರೆ

ಪೂಜೆಗೆ ಎತ್ತುವ ಬಿಲ್ವಪತ್ರೆಯು ಮೂರು ದಳವುಳ್ಳದ್ದಾಗಿ, ಹರಿಯದೆ, ಒಣಗದೆ, ಕೀಟದಷ್ಟವಾಗದೆ ಇರತಕ್ಕದ್ದೆಂಬುದು ನಮ್ಮ ಮನೆಗಳಲ್ಲಿ ಹಿರಿಯರಿಂದ ನಡೆದುಬಂದ ಪದ್ಧತಿ. ಬಾಲ್ಯದಲ್ಲಿ ನಾನು ಬುಟ್ಟಿ ಹಿಡಿದು ಮರದ ಕೆಳಗೆ ನಿಂತಿರುವಾಗ ನಮ್ಮ ತಾಯಿಯವರು ಒಂದೊಂದು ಪತ್ರೆಯನ್ನೂ ಬೆಳಕಿಗೆ ಹಿಡಿದು ನೋಡಿ, ತೂತು ಬಿದ್ದುದನ್ನು ಬುಡಕ್ಕೇ ಹಾಕಿ, ಚೆನ್ನಾದುದನ್ನು ಮಾತ್ರ ಬುಟ್ಟಿಗೆ ಇಳಿಸುತ್ತಿದ್ದರು. ಈ ಪದ್ಧತಿಯನ್ನು ಅಲ್ಲಗಳೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಇದನ್ನೇ ತಪ್ಪಾಗಿ ತಿಳಿದು ನಾನು ಮಾಡಿದ ಒಂದು ಕೆಲಸವನ್ನು ಸದ್ಭಕ್ತರ ಮುಂದಿಟ್ಟು, ಅದರಿಂದ ಹುಟ್ಟಿದ ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇನೆ.

ನನ್ನ ಮನೆಯು ಚಿಕ್ಕಜಾಲದಲ್ಲಿ ಇದೆ. ಯಲಹಂಕದಿಂದ ದೇವನಹಳ್ಳಿಯತ್ತ ಬಳ್ಳಾರಿ ರಸ್ತೆಯಲ್ಲಿ ಹೋಗುವವರು ಈ ಊರನ್ನು ದಾಟಿಯೇ ಹೋಗುತ್ತಾರೆ. ಆದರೆ 2008ರಲ್ಲಿ ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣ ಆರಂಭವಾದ ಮೇಲೆ ದಾಟುವವರ ವೇಗ ಹೆಚ್ಚಿ, ಊರನ್ನು ಕಾಣುವವರು ಕಡಿಮೆಯಾಗಿದ್ದಾರೆ. ರಾಗಿಯ ಹೊಲಗಳೂ ದ್ರಾಕ್ಷಿಯ ಚಪ್ಪರಗಳೂ ಇದ್ದ ಕಡೆ ಇಂದು ನಿವೇಶನಗಳ ಕಲ್ಲುಗಳು ನಿಂತಿವೆ. ನನ್ನ ಹಿತ್ತಲು ದೊಡ್ಡದಲ್ಲ. ಒಂದು ಬಿಲ್ವ, ಒಂದು ಕರಿಬೇವು, ದೇವನಹಳ್ಳಿಯ ಸೀಮೆಗೇ ಹೆಸರು ತಂದ ಚಕ್ಕೋತದ ಗಿಡವೊಂದು, ಎರಡು ಬಾಳೆ, ಮಿಕ್ಕಂತೆ ದಾಸವಾಳ, ಕಣಗಿಲೆ, ನಂದಿಬಟ್ಟಲು. ಇಷ್ಟಲಿಂಗಪೂಜೆಗೆ ಬೇಕಾದ ಪತ್ರೆಪುಷ್ಪಗಳನ್ನು ಅಂಗಡಿಯಿಂದ ತರಬಾರದೆಂಬ ಹಟದಿಂದ ಬೆಳೆಸಿದ ಹಿತ್ತಲು ಅದು.

2023ನೆಯ ವರ್ಷದಲ್ಲಿ ಅಧಿಕ ಶ್ರಾವಣ ಬಂದಿತ್ತು. ಎರಡು ಶ್ರಾವಣಗಳಿಗೆ ಪತ್ರೆ ಬೇಕು. ಮಳೆಯೋ ಆ ವರ್ಷ ಕೈಕೊಟ್ಟಿತ್ತು. ಬಿಲ್ವವು ಹೇಗೋ ಚಿಗುರಿತು. ಚಿಗುರಿದ ಕೂಡಲೇ ಹುಳು ಬಿದ್ದಿತು. ನೆರೆಯ ಮನೆಗಳವರೂ ನಮ್ಮಲ್ಲಿಗೇ ಪತ್ರೆಗೆ ಬರುತ್ತಿದ್ದುದರಿಂದ, ತೂತು ಬಿದ್ದ ಎಲೆಗಳನ್ನು ಅವರ ಬುಟ್ಟಿಗೆ ಹಾಕುವುದು ನನಗೆ ಅವಮಾನವಾಗಿ ತೋರಿತು. ಪೇಟೆಗೆ ಹೋಗಿ ಒಂದು ಸೀಸೆ ಔಷಧ ತಂದೆ. ಔಷಧವೆಂಬುದು ಅಂಗಡಿಯವರ ಮಾತು; ನಾವೂ ಹಾಗೆಯೇ ಅಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಅದು ಎಲೆಯ ಮೇಲೆ ಮಾತ್ರ ಕುಳಿತು ಮಳೆಗೆ ತೊಳೆದುಹೋಗುವ ಜಾತಿಯದಲ್ಲ. ಗಿಡದ ರಸದೊಳಗೆ ಸೇರಿ ಚಿಗುರಿಗೂ ಹೂವಿಗೂ ಹರಿಯುವ ಜಾತಿಯದು. ಒಂದು ಸಂಜೆ ಸಿಂಪಡಿಸಿದೆ. ವಾರ ಕಳೆಯುವುದರೊಳಗೆ ಒಂದು ಹುಳುವೂ ಉಳಿಯಲಿಲ್ಲ. ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಕರಿಬೇವಿನ ಸಂದಿಯಲ್ಲಿ ದಿನವೂ ಕೂಗುತ್ತಿದ್ದ ಟುವ್ವಿಹಕ್ಕಿಯ ದನಿ ಆ ವಾರ ಕೇಳಲಿಲ್ಲ. ವಿಷವೇ ಅದಕ್ಕೆ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹುಳುವೇ ಇಲ್ಲದ ಕಡೆಗೆ ಅದು ತಾನೇ ಏಕೆ ಬಂದೀತು?

ಮುಂದಿನ ಸೋಮವಾರ ಪೂಜೆ ಮುಗಿಯಿತು. ನೆರೆಮನೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎಂದಿನಂತೆ ಬಂದು ಕೈಯೊಡ್ಡಿದಳು. ಅವಳಿಗೆ ಪ್ರಸಾದವೆಂದರೆ ಒಂದು ಪತ್ರೆ. ಕೊಟ್ಟ ಕೂಡಲೇ ಬಾಯಿಗಿಟ್ಟು ಅಗಿಯುವುದು ಅವಳ ವಾಡಿಕೆ. ನಾನು ಕೊಟ್ಟೆ. ಅವಳು ಬಾಯಿಯ ಬಳಿಗೆ ಒಯ್ಯುವಾಗ ನನ್ನ ಕೈ ತಾನಾಗಿ ಮುಂದೆ ಹೋಗಿ ಅವಳ ಮುಂಗೈಯನ್ನು ಹಿಡಿಯಿತು. "ತಿನ್ನಬೇಡಮ್ಮ" ಎಂದೆ. "ಯಾಕೆ ಮೇಷ್ಟ್ರೇ? ದೇವರಿಗೆ ಇಟ್ಟಿದ್ದಲ್ಲವೆ?" ಎಂದಳು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲಕ್ಕೆ ಮೂರನೆಯ ಪದವಿ. ಪದಾರ್ಥವು ಲಿಂಗಾರ್ಪಿತವಾದಾಗ ಪದಾರ್ಥತ್ವವನ್ನು ಕಳೆದುಕೊಂಡು ಪ್ರಸಾದವಾಗುತ್ತದೆಂದು ಎಷ್ಟು ಬಾರಿ ಮಕ್ಕಳಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಹೀಗಿರಲು, ಲಿಂಗಕ್ಕೆ ಅರ್ಪಿಸಬಹುದು, ಮಗುವಿಗೆ ಕೊಡಬಾರದು ಎಂಬ ವಸ್ತುವೊಂದು ಇರಲು ಸಾಧ್ಯವೆ? ಮಗುವಿಗೆ ಕೊಡಬಾರದೆಂದು ನನ್ನ ಕೈಗೇ ತಿಳಿದಿತ್ತು. ಅಂದಮೇಲೆ ಬೆಳಿಗ್ಗೆ ನಾನು ಲಿಂಗದ ಮೇಲೆ ಇಟ್ಟದ್ದೇನು? ಮರವು ಉಣ್ಣುವುದು ಬೇರಿನಿಂದಲೆಂಬ ದೃಷ್ಟಾಂತವನ್ನು ಹಿಡಿದು, ಹಾಗೆಯೇ ಲಿಂಗವು ಉಣ್ಣುವುದು ಜಂಗಮದ ಮೂಲಕ ಎಂಬುದನ್ನು ಬಸವಣ್ಣನವರು ತೋರಿಸಿಕೊಟ್ಟಿದ್ದಾರೆ. ನಾನು ಬೇರಿಗೂ ವಿಷ ಕೊಟ್ಟಿದ್ದೆ, ಬಾಯಿಗೂ ಕೊಡಲು ಹೊರಟಿದ್ದೆ. (ಹುಳುವನ್ನೇ ಜಂಗಮವೆಂದು ಹೇಳಲು ಹೊರಟಿದ್ದೇನೆಂದು ಶಾಸ್ತ್ರಜ್ಞರು ಸಿಟ್ಟಾಗಬಾರದು. ಜಂಗಮತತ್ತ್ವವು ಚಲನೆಯೊಂದರಿಂದಲೇ ಸಿದ್ಧಿಸುವುದಿಲ್ಲವೆಂಬುದನ್ನು ನಾನೂ ಬಲ್ಲೆ.)

ಆ ದಿನದಿಂದ ಆ ಹುಳುವಿನ ವಿಚಾರವನ್ನು ತಿಳಿಯಲೆತ್ನಿಸಿದೆ. ಕೊಲ್ಲುವ ಮೊದಲು ತಿಳಿಯಬೇಕಾಗಿತ್ತು, ಕೊಂದಮೇಲೆ ತಿಳಿದೆ.

ಬಿಲ್ವ, ಕರಿಬೇವು, ನಿಂಬೆ, ಚಕ್ಕೋತ ಇವು ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಎಲೆಯನ್ನು ಹಿಸುಕಿ ಮೂಸಿದರೆ ನಾಲ್ಕರಲ್ಲಿಯೂ ಕಟುವಾದ ಒಂದು ಪರಿಮಳವಿರುವುದು ಈ ಬಾಂಧವ್ಯದ ಗುರುತು. ನಮಗಿಂತ ಮೊದಲೇ ಈ ಬಾಂಧವ್ಯವನ್ನು ಕಂಡುಕೊಂಡದ್ದು ಒಂದು ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿಯ ಮಚ್ಚೆಗಳು, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ನಮ್ಮ ಸೀಮೆಯಲ್ಲಿ ಅದನ್ನು ಕಾಣದವರಿಲ್ಲ. ಇದರ ಹೆಣ್ಣು ಈ ಗಿಡಗಳನ್ನೇ ಆರಿಸಿ, ಚಿಗುರೆಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಹಳದಿಯ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಹೊರಬರುವ ಮರಿಯು ಕಂದು ಬಿಳುಪು ಬೆರೆತು, ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ಬೆಳೆದು ದೊಡ್ಡದಾದಾಗ ಆ ವೇಷವು ಸಾಲದಾಗಿ ಎಲೆಯ ಹಸುರನ್ನೇ ತೊಡುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಬಣ್ಣದ ಕವಲುಕೊಂಬೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಎರಡು ಮೂರು ವಾರ ತಿಂದು, ಬಳಿಕ ತಿನ್ನುವುದನ್ನು ಬಿಟ್ಟು, ಒಂದು ರೆಂಬೆಗೆ ತನ್ನನ್ನು ನೂಲಿನಿಂದ ಕಟ್ಟಿಕೊಂಡು ಮೌನವಾಗುತ್ತದೆ. ಎಂಟು ಹತ್ತು ದಿನದ ಮೇಲೆ ಚಿಟ್ಟೆಯಾಗಿ ಹೊರಬರುತ್ತದೆ.

ಎಳೆಯ ಸಸಿಗೆ ಈ ಹುಳುವಿನಿಂದ ಅಪಾಯವುಂಟು. ನಾಲ್ಕು ಹುಳು ಸೇರಿದರೆ ಸಸಿಯು ಬೋಳಾಗುತ್ತದೆ. ಬಲಿತ ಮರಕ್ಕೆ ಇದು ಲೆಕ್ಕಕ್ಕಿಲ್ಲ. ನನ್ನ ಬಿಲ್ವಕ್ಕೆ ಹದಿನೈದು ವರ್ಷ. ಅದರಲ್ಲಿ ಸಾವಿರಾರು ಎಲೆಗಳು. ನನಗೆ ದಿನಕ್ಕೆ ಬೇಕಾದುದು ಹತ್ತು, ಬಂದವರಿಗೆಂದು ಐವತ್ತು ಎನ್ನಿ. ನಮ್ಮ ತಾಯಿಯವರು ಬೆಳಕಿಗೆ ಹಿಡಿದು ಆರಿಸುತ್ತಿದ್ದುದರ ಅರ್ಥ ನನಗೆ ಐವತ್ತು ದಾಟಿದ ಮೇಲೆ ಹೊಳೆಯಿತು. ಕೀಟದಷ್ಟವಲ್ಲದ ಪತ್ರೆ ಬೇಕೆಂಬ ನಿಯಮವು ಆರಿಸುವ ಕೈಗೆ ಹೇಳಿದ್ದು, ಮರಕ್ಕೆ ಹೇಳಿದ್ದಲ್ಲ. ಆರಿಸಬೇಕೆಂಬ ಮಾತಿನಲ್ಲಿಯೇ ಆರಿಸದೆ ಬಿಡುವುದು ಬೇಕಾದಷ್ಟು ಇರುತ್ತದೆಂಬ ಒಪ್ಪಿಗೆಯಿದೆ. ಒಂದು ಎಲೆಯೂ ತೂತಾಗದ ಮರವನ್ನು ನಮ್ಮ ಹಿರಿಯರು ಕಂಡಿರಲಿಲ್ಲ, ಬಯಸಿರಲೂ ಇಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಕಳಿಸಿದ ವೃತ್ತಾಂತವನ್ನು ನಾವೆಲ್ಲರೂ ಕೇಳಿದ್ದೇವೆ. ಆಯುವ ಕಾಯಕಕ್ಕೂ ಅಳತೆಯಿದೆಯೆಂದು ಆ ತಾಯಿಯು ತಿಳಿದಿದ್ದಳು. ಮಿಕ್ಕುದು ಅವಳ ಪಾಲಿನದಲ್ಲ. ನಾನಾದರೋ ಮರದ ಅಷ್ಟೂ ಎಲೆಗಳು ನನ್ನವೆಂದು ಲೆಕ್ಕ ಹಾಕಿದ್ದೆ.

ಈ ವಿಷಯವನ್ನು ಗೆಳೆಯರೊಬ್ಬರೊಡನೆ ಪ್ರಸ್ತಾಪಿಸಿದಾಗ ಅವರು ಒಂದು ಆಕ್ಷೇಪವನ್ನೆತ್ತಿದರು. ಅವರು ಚಿಕ್ಕಬಳ್ಳಾಪುರದ ಕಡೆಯ ಒಕ್ಕಲು ಮನೆತನದವರು. "ಮೇಷ್ಟ್ರೇ, ನಿಮಗೆ ಸಂಬಳ ಬರುತ್ತದೆ. ಹುಳುವಿಗೆ ದಾನ ಮಾಡಬಲ್ಲಿರಿ. ಸಾಲ ಮಾಡಿ ಟೊಮೇಟೊ ಇಟ್ಟವನು ಏನು ಮಾಡಬೇಕು? ಅವನು ಪಾಪಿಯೆ?" ಎಂದು ಕೇಳಿದರು. ಆಕ್ಷೇಪವು ನ್ಯಾಯವಾದದ್ದು. ಹೊಟ್ಟೆಯ ಪ್ರಶ್ನೆಯಿರುವವನಿಗೆ ಹಿತ್ತಲಿನ ಸುಖಿಯು ನೀತಿ ಹೇಳತಕ್ಕದ್ದಲ್ಲ. ನಾನು ಇಲ್ಲಿ ಹೇಳುತ್ತಿರುವುದು ನನ್ನಂಥ ಗೃಹಸ್ಥರಿಗೆ ಮಾತ್ರ. ನಮ್ಮ ಹಿತ್ತಲಿನ ಬೆಳೆ ಹೋದರೆ ನಮ್ಮ ಒಲೆ ಆರುವುದಿಲ್ಲ. ನಾವು ಸಿಂಪಡಿಸುವುದು ಅಂದಕ್ಕಾಗಿ, ಅಥವಾ ಮಾನಕ್ಕಾಗಿ. ಒಂದು ಗುಂಟೆಯೂ ಇಲ್ಲದ ಜಾಗದಲ್ಲಿ ನಮ್ಮ ಕೈಯ ಅಳತೆ ತಪ್ಪುವುದು ಹೊಲದವನ ಕೈಗಿಂತ ಸುಲಭ. ಅವನಿಗೆ ಒಂದೊಂದು ಸೀಸೆಯೂ ಖರ್ಚು. ನಮಗೆ ಸೀಸೆಯಲ್ಲಿ ಉಳಿದದ್ದನ್ನು ಏನು ಮಾಡುವುದೆಂದು ತಿಳಿಯದೆ ಅದನ್ನೂ ಸುರಿಯುತ್ತೇವೆ.

ಆದರೂ ಒಕ್ಕಲಿಗನ ವಿಷಯದಲ್ಲಿಯೂ ವಿಷವೊಂದೇ ಗತಿಯೆಂದು ತಿಳಿಯಬೇಕಾಗಿಲ್ಲವೆಂಬುದಕ್ಕೆ ನಮ್ಮ ಇದೇ ಬಳ್ಳಾರಿ ರಸ್ತೆಯ ಮೇಲೆ ಒಂದು ನಿದರ್ಶನವಿದೆ. ಹೆಬ್ಬಾಳದಲ್ಲಿ ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಿನಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆಯುಂಟು. 2008ರಲ್ಲಿ ಕೊಯಮತ್ತೂರಿನ ಬಳಿ ಪರಂಗಿಯ ಹಿಟ್ಟುತಿಗಣೆ ಎಂಬ ಕೀಟವು ಮೊದಲು ಕಂಡುಬಂದು, ಎರಡು ವರ್ಷದೊಳಗೆ ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹತ್ತಿ ನಮ್ಮ ರಾಜ್ಯಕ್ಕೂ ಹರಡಿತು. ಮೈಮೇಲೆ ಹಿಟ್ಟು ಬಳಿದುಕೊಂಡಂತಹ ಮೇಣದ ಹೊದಿಕೆಯಿದ್ದುದರಿಂದ ಸಿಂಪಡಿಸಿದ ವಿಷವು ಅದಕ್ಕೆ ತಾಕುತ್ತಿರಲಿಲ್ಲ. ಅದನ್ನು ತಿನ್ನಬಲ್ಲ ಬೇರೆ ಹುಳುಗಳಿಗೆ ಮಾತ್ರ ತಾಕುತ್ತಿತ್ತು. ಅದರ ತವರು ಮೆಕ್ಸಿಕೋ ಸೀಮೆ. ತವರಿನಲ್ಲಿ ಅದಕ್ಕೆ ಶತ್ರುಗಳುಂಟು, ಇಲ್ಲಿ ಇರಲಿಲ್ಲ. ಹೆಬ್ಬಾಳದ ವಿದ್ವಾಂಸರು 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ, ಕಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕದಾದ ಕಣಜದ ಜಾತಿಗಳನ್ನು ತರಿಸಿ, ಸಾಕಿ, ಪರೀಕ್ಷಿಸಿ, ತೋಟಗಳಲ್ಲಿ ಬಿಟ್ಟರು. ಕಣಜವು ಹಿಟ್ಟುತಿಗಣೆಯ ಒಡಲಲ್ಲಿ ಮೊಟ್ಟೆಯಿಡುತ್ತದೆ. ಮರಿಯು ಅದನ್ನು ಒಳಗಿನಿಂದ ತಿಂದು ಹೊರಬರುತ್ತದೆ. ಪಿಡುಗು ಬೇಗನೆ ಇಳಿಯಿತು. ಇದಕ್ಕೂ ಹಿಂದೆ, 1926ರಲ್ಲಿ ಸಿಂಹಳದಿಂದ ತಂದ ಒಂದು ಕೀಟವು ದಕ್ಷಿಣ ಭಾರತದ ಹೊಲಗಳನ್ನು ಆವರಿಸಿದ್ದ ಪಾಪಾಸುಕಳ್ಳಿಯನ್ನು ತಿಂದು ತಹಬಂದಿಗೆ ತಂದಿತ್ತು.

ಕಣಜವನ್ನು ಬಿಟ್ಟು ತಿಗಣೆಯನ್ನು ಕೊಲ್ಲಿಸುವುದು ಅಹಿಂಸೆಯೇ ಎಂದು ಕೇಳುವವರು ಇರಬಹುದು. ಅಹಿಂಸೆಯೆಂದು ನಾನು ಹೇಳಲಾರೆ. ಒಳಗಿನಿಂದ ತಿನ್ನಿಸಿಕೊಂಡು ಸಾಯುವುದು ಸುಖದ ಸಾವಲ್ಲ. ಗುದ್ದಲಿಯ ಒಂದು ಏಟಿಗೆ ಎಷ್ಟು ಎರೆಹುಳು ಸಾಯುತ್ತವೆಯೋ ಯಾರು ಬಲ್ಲರು? ನಿರ್ದೋಷನಾಗಿ ಒಂದು ಪಾತಿಯನ್ನೂ ಮಾಡಲಾಗದು. ಆದರೆ ಕಣಜಕ್ಕೂ ಸೀಸೆಗೂ ಒಂದು ಭೇದವಿದೆ: ಕಣಜವು ತನ್ನ ಬೇಟೆಯನ್ನು ಬಲ್ಲದು, ಬೇಟೆ ಮುಗಿದಾಗ ತಾನೂ ಕಡಿಮೆಯಾಗುತ್ತದೆ. ಸೀಸೆಯಲ್ಲಿರುವುದು ಯಾರನ್ನೂ ಬಲ್ಲದು. ಹುಳುವಿಗೆಂದು ಇಟ್ಟದ್ದು ಜೇನಿಗೆ, ಜೇನಿಗೆಂದಲ್ಲದಿದ್ದರೂ ಗುಲಗಂಜಿಹುಳುವಿಗೆ, ಕೊನೆಗೆ ಕೈಯೊಡ್ಡಿ ನಿಂತ ಮಗುವಿಗೆ. ದಯೆಯನ್ನು ಧರ್ಮದ ಬುಡದಲ್ಲಿ ಇಟ್ಟ ಶರಣರ ಮಾತಿಗೆ ನಾನು ಕಂಡುಕೊಂಡಿರುವ ಅರ್ಥವೆಂದರೆ, ಕೊಲ್ಲಲೇಬೇಕಾದಾಗಲೂ ಯಾರನ್ನು ಕೊಲ್ಲುತ್ತಿದ್ದೇನೆಂದು ತಿಳಿದಿರಬೇಕಾದ ಹೊಣೆ. ಎಳೆಯ ಸಸಿಯಾದರೆ ಬೆಳಿಗ್ಗೆ ಎದ್ದು ಹುಳುವನ್ನು ಎಲೆಸಹಿತ ತೆಗೆದು ದೊಡ್ಡ ಮರಕ್ಕೆ ಬಿಡಬಹುದು. ದಾಸವಾಳಕ್ಕೆ ಹಿಟ್ಟುತಿಗಣೆ ಹತ್ತಿದರೆ ಆ ಕುಡಿಯನ್ನು ಚಿವುಟಬಹುದು, ನೀರನ್ನು ರಭಸವಾಗಿ ಹೊಡೆಯಬಹುದು. ಅಷ್ಟಕ್ಕೂ ಹೋಗದಿದ್ದರೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಆ ಕುಡಿಗೆ ಮಾತ್ರ, ಜೇನು ಹಾರದ ಸಂಜೆಯಲ್ಲಿ, ಹಾಕಬಹುದು. ಬೇವೂ ಹುಳುಗಳಿಗೆ ಕೇಡೇ. ಬೇಗ ಕಳೆದುಹೋಗುತ್ತದೆಂಬುದು ಅದರ ಗುಣ. ಇದು ಸೋಮಾರಿಗೆ ಒಗ್ಗುವ ಕೆಲಸವಲ್ಲ. ಅರ್ಧ ಗಂಟೆಯ ಕಾಯಕವನ್ನು ಉಳಿಸಿಕೊಳ್ಳಲೆಂದೇ ನಾನು ಸೀಸೆಯನ್ನು ಕೊಂಡೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

"ನನ್ನ ಹಿತ್ತಲು, ನನ್ನ ಇಷ್ಟ" ಎಂಬ ಮಾತು ಇಂದು ಕಾಂಪೌಂಡು ಗೋಡೆಗಳ ಜೊತೆಗೇ ಬೆಳೆದಿದೆ. ಗೋಡೆಯು ದನವನ್ನು ತಡೆದೀತು. ಗಾಳಿಯನ್ನೂ ನೀರನ್ನೂ ತಡೆಯುವುದಿಲ್ಲ. ಕನ್ನಡ ತುಳು ಮಾತಾಡುವ ಜನರಿರುವ ಕಾಸರಗೋಡಿನ ಎಣ್ಮಕಜೆ, ಪಡ್ರೆ ಮೊದಲಾದ ಊರುಗಳ ಕಥೆಯನ್ನು ವಾಚಕರು ಕೇಳಿರಬಹುದು. ಅಲ್ಲಿ ಗುಡ್ಡದ ಮೇಲೆ ಸರ್ಕಾರಿ ಗೇರುತೋಟ, ಗುಡ್ಡದ ಒಡಲಲ್ಲಿ ಜನರು ಕುಡಿಯುವ ನೀರಿನ ಸುರಂಗ, ತಗ್ಗಿನಲ್ಲಿ ಮನೆ. ಗೇರಿನ ಕೀಟವನ್ನು ಕೊಲ್ಲಲೆಂದು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಆ ಊರುಗಳಲ್ಲಿ ಹುಟ್ಟಿದ ಮಕ್ಕಳ ಅಂಗವೈಕಲ್ಯಗಳನ್ನು ಅಲ್ಲಿನ ವೈದ್ಯರೂ ಪತ್ರಕರ್ತರೂ ಹೊರಲೋಕಕ್ಕೆ ತಿಳಿಸಲು ವರ್ಷಾನುಗಟ್ಟಲೆ ಹೆಣಗಬೇಕಾಯಿತು. 2011ನೆಯ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಅದೆಲ್ಲಿ, ನನ್ನ ಸೀಸೆಯೆಲ್ಲಿ ಎನ್ನಬಹುದು. ಪ್ರಮಾಣವು ಬೇರೆ ಎಂಬುದು ನಿಜ. ಮೇಲಿನವನು ಸುರಿದದ್ದನ್ನು ಕೆಳಗಿನವನು ಕುಡಿಯುತ್ತಾನೆಂಬ ಸಂಬಂಧವು ಬೇರೆಯಲ್ಲ.

ನೀರಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. 2023ರ ಮಳೆಗಾಲವು ಸೋತು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ಮೇಲೆ, 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಆ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಆಜ್ಞೆ ಮಾಡಿ, ಮೀರಿದವರಿಗೆ 5000 ರೂಪಾಯಿ ದಂಡ ಗೊತ್ತುಪಡಿಸಿತು. ಗಿಡಕ್ಕೆ ನೀರೆರೆಯುವುದು ಪುಣ್ಯವೆಂದು ಕೇಳಿ ಬೆಳೆದ ನಮಗೆ, ಗಿಡಕ್ಕೆ ನೀರೆರೆದರೆ ದಂಡವೆಂಬ ದಿನ ಬಂದಿತು. ಆಜ್ಞೆಯಲ್ಲಿ ತಪ್ಪಿರಲಿಲ್ಲ. ಬೀದಿಯ ಕೊನೆಯಲ್ಲಿ ಹೆಂಗಸರು ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದಿರುವಾಗ, ಹುಲ್ಲುಹಾಸಿಗೆ ಕೊಳವೆಯಿಂದ ನೀರು ಚಿಮ್ಮಿಸುವುದು ತೋಟಗಾರಿಕೆಯ ಮಾತಲ್ಲ, ನಾಚಿಕೆಯ ಮಾತು. ಈ ಹುಲ್ಲುಹಾಸು ಎಂಬುದು ನನಗೆ ಎಂದೂ ಅರ್ಥವಾಗಿಲ್ಲ. ದನಕ್ಕೆ ಹಾಕುವುದಿಲ್ಲ, ಹೂ ಬಿಡಲು ಬಿಡುವುದಿಲ್ಲ, ಬೆಳೆಸುತ್ತಾರೆ, ಕತ್ತರಿಸುತ್ತಾರೆ.

ಲೆಕ್ಕವು ಸುಲಭವಾದದ್ದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. 100 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ಸುಮಾರು 97,000 ಲೀಟರ್ ಬೀಳುತ್ತದೆ; ಐದರಲ್ಲೊಂದು ಪಾಲು ಆರಿ ಚೆಲ್ಲಿ ಹೋಯಿತೆಂದರೂ 77,000 ಲೀಟರ್ ಉಳಿಯಿತು. ನಾನು ಮಾಳಿಗೆಯ ಕೊಳವೆಯನ್ನು ಒಂದು ತೊಟ್ಟಿಗೆ ತಿರುಗಿಸಿ, ತೊಟ್ಟಿ ತುಂಬಿ ಹರಿದುದನ್ನು ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಟ್ಟಿದ್ದೇನೆ. ಬಚ್ಚಲ ನೀರು ಬಾಳೆಗೆ ಹೋಗುತ್ತದೆ. ಇದು ಹೊಸ ವಿದ್ಯೆಯಲ್ಲ, ನಮ್ಮ ಅಜ್ಜಿಯ ಕಾಲದ ಪ್ರತಿ ಮನೆಯಲ್ಲಿಯೂ ಬಚ್ಚಲ ಹಿಂದೆ ಬಾಳೆಯೂ ಕೆಸುವೂ ಇದ್ದವು. ಹೊಸ ಬಡಾವಣೆಯ ಮನೆಗಳನ್ನು ನೋಡಿದರೆ ಗೇಟಿನಿಂದ ಹಿತ್ತಿಲ ಗೋಡೆಯವರೆಗೆ ಹೆಂಚು ಹಾಸಿ, ಮಣ್ಣೆಂಬುದು ಕಾಲಿಗೆ ತಾಗದಂತೆ ಮಾಡಿ, ಅದರ ಮೇಲೆ ಕುಂಡಗಳಲ್ಲಿ ಮಣ್ಣನ್ನು ಕೊಂಡು ತಂದು ಇಟ್ಟಿರುತ್ತಾರೆ.

ಉದುರಿದ ಎಲೆಯನ್ನು ಗುಡಿಸಿ ಬೆಂಕಿಯಿಡುವುದು ಇನ್ನೊಂದು ಕೆಟ್ಟ ಅಭ್ಯಾಸ. ಮರವು ತಾನು ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಹಿಂದಿರುಗಿಸುತ್ತಿರುವಾಗ ನಾವು ನಡುವೆ ಬಂದು ಹೊಗೆ ಮಾಡುತ್ತೇವೆ. ಪೂಜೆಯ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯುವವರನ್ನೂ ಕಂಡಿದ್ದೇನೆ. ನಿರ್ಮಾಲ್ಯವನ್ನೂ ಅಡಿಗೆಮನೆಯ ಸಿಪ್ಪೆಯನ್ನೂ ಒಣ ಎಲೆಯನ್ನೂ ಬಿಲ್ವದ ಬುಡದಿಂದ ಮೂರು ಅಡಿ ಆಚೆಗೆ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ತೇವವಿಟ್ಟರೆ ಮೂರು ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರವಾಗುತ್ತದೆ. ಲಿಂಗದ ಮೇಲಿದ್ದ ಪತ್ರೆಯು ಮರುವರ್ಷ ಪತ್ರೆಯಾಗಿಯೇ ಬರುತ್ತದೆ.

ಗಿಡಗಳ ಆಯ್ಕೆಯ ವಿಚಾರದಲ್ಲಿ ನನಗೆ ಸೋಜಿಗವುಂಟುಮಾಡಿದ ಸಂಗತಿಯೊಂದನ್ನು ಹೇಳಬೇಕು. ಶಿವನಿಗೆ ಪ್ರಿಯವೆಂದು ನಾವು ನಂಬಿಕೊಂಡು ಬಂದಿರುವ ಪತ್ರೆಪುಷ್ಪಗಳಲ್ಲಿ ಹಲವು ಈ ನೆಲದಲ್ಲಿ ಬೇಡದೆ ಬೆಳೆಯುವಂಥವು, ಬೇರೆಯವರಿಗೂ ಅನ್ನವಾಗಿರುವಂಥವು. ಎಕ್ಕದ ಎಲೆಯ ಮೇಲೆ ಕಿತ್ತಳೆಬಣ್ಣದ ಒಂದು ಚಿಟ್ಟೆಯ ಮರಿಗಳು ಬೆಳೆಯುತ್ತವೆ. ಕಣಗಿಲೆಯ ಮೇಲೆ ಕಂದುಬಣ್ಣದ ಇನ್ನೊಂದರ ಮರಿಗಳು. ಎರಡರ ಹಾಲೂ ನಮಗೆ ವಿಷ, ಅವಕ್ಕೆ ತಾಯಿಹಾಲು. ರಾಗಿಯ ಹೊಲದ ಬದುವಿನಲ್ಲಿ ಮಳೆ ಬಿದ್ದ ಕೂಡಲೇ ಏಳುವ ತುಂಬೆಯು ಬೆರಳಿನ ಉಗುರಿನಷ್ಟು ಚಿಕ್ಕ ಬಿಳಿಯ ಹೂವಿನಲ್ಲಿ ಜೇನಿಗೂ ಪುಟ್ಟ ಚಿಟ್ಟೆಗಳಿಗೂ ಮಧುವನ್ನಿಟ್ಟಿರುತ್ತದೆ. ಅದನ್ನು ಕಳೆಯೆಂದು ಕಿತ್ತು, ಆ ಜಾಗದಲ್ಲಿ ವಾರಕ್ಕೆರಡು ಸಲ ಗೊಬ್ಬರವನ್ನೂ ನೀರನ್ನೂ ಕೇಳುವ ಪರದೇಶದ ಹೂವನ್ನು ನೆಟ್ಟು, ಪೂಜೆಗೆ ತುಂಬೆ ಸಿಗುವುದಿಲ್ಲವೆಂದು ಪೇಟೆಗೆ ಹೋಗುತ್ತೇವೆ. ಈ ವರ್ಷ ನನ್ನ ಹಿತ್ತಲಿನ ಒಂದು ಮೂಲೆಯನ್ನು ಗುದ್ದಲಿ ಮುಟ್ಟಿಸದೆ ಬಿಟ್ಟಿದ್ದೇನೆ. ನಮ್ಮ ಮನೆಯವರು ಆ ಮೂಲೆಗೆ "ಮೇಷ್ಟ್ರ ಸೋಮಾರಿತನ" ಎಂದು ಹೆಸರಿಟ್ಟಿದ್ದಾರೆ. ತುಂಬೆಯು ಅಲ್ಲಿ ಮೊಳಕಾಲೆತ್ತರ ಬಂದಿದೆ.

ಇಷ್ಟನ್ನು ಓದಿದ ವೃದ್ಧರೊಬ್ಬರು, "ಹೊರಗಿನ ತೋಟದ ಚಿಂತೆಯಿಂದೇನು? ಒಳಗಿನ ತೋಟವನ್ನು ಮಾಡಿರೆಂದಲ್ಲವೆ ಅಲ್ಲಮಪ್ರಭುಗಳು ತೋಟಿಗ ಗೊಗ್ಗಯ್ಯನಿಗೆ ಬೋಧಿಸಿದ್ದು?" ಎಂದು ನನ್ನನ್ನು ಕೇಳಬಹುದು. ಪ್ರಭುಲಿಂಗಲೀಲೆಯ ಆ ಪ್ರಸಂಗವನ್ನು ನಾನೂ ಪಾಠ ಹೇಳುತ್ತೇನೆ. ಕೈಯಲ್ಲಿ ಮಣ್ಣು ಮೆತ್ತಿದವನಿಗೆ ಆ ಉಪದೇಶವಾಯಿತೆಂಬುದನ್ನು ಮರೆಯಬಾರದು. ಬೇಲಿ, ಬಿತ್ತು, ನೀರು, ಕಳೆ ಎಂಬುವನ್ನು ಮೈಯಿಂದ ಬಲ್ಲವನಿಗೆ ಮಾತ್ರ ಒಳಗಿನ ಬೇಲಿ ಒಳಗಿನ ಕಳೆಯ ಮಾತು ತಿಳಿದೀತು. ಹೊರಗಿನ ಹಿತ್ತಲಿನಲ್ಲಿ ಒಂದು ಹುಳುವಿಗೂ ಎಡೆಯಿಲ್ಲವೆನ್ನುವವನ ಒಳಗಿನ ತೋಟವು ಎಷ್ಟು ವಿಶಾಲವಾಗಿದ್ದೀತು?

ಸೀಸೆಯಲ್ಲಿ ಉಳಿದಿದ್ದುದನ್ನು ಎಲ್ಲಿ ಹಾಕುವುದೆಂಬುದು ನನಗೆ ಬಹಳ ದಿನ ತಲೆನೋವಾಯಿತು. ಬಚ್ಚಲಿಗೆ ಸುರಿದರೆ ಬಾಳೆಗೆ ಹೋಗುತ್ತದೆ. ಮೋರಿಗೆ ಸುರಿದರೆ ಯಾವ ಕೆರೆಗೋ. ಸೀಸೆಯನ್ನು ಬಿಗಿಯಾಗಿ ಮುಚ್ಚಿ, ಮೇಲೆ "ವಿಷ" ಎಂದು ಬರೆದು, ಮಕ್ಕಳಿಗೆ ಎಟುಕದ ಅಟ್ಟದ ಮೇಲಿಟ್ಟು ಬೀಗ ಹಾಕಿದ್ದೇನೆ. ಅದು ಇನ್ನೂ ಅಲ್ಲಿಯೇ ಇದೆ.

ಆ ಶ್ರಾವಣ ಕಳೆದ ಮೇಲೆ ಒಂದು ವರ್ಷ ಪೂರ್ತಿ ನನ್ನ ಬಿಲ್ವದಿಂದ ಪೂಜೆಗೆ ಪತ್ರೆ ಎತ್ತಲಿಲ್ಲ. ಊರಿನಲ್ಲಿ ಬೇರೊಬ್ಬರ ಮರದಿಂದ ಬೇಡಿ ತಂದೆ. ಪತ್ರೆ ಬೇಡಲು ಬಂದವರಿಗೆ ಕಾರಣವನ್ನು ಹೇಳಿದೆ. ಕೆಲವರು ನಕ್ಕರು, ಒಬ್ಬಿಬ್ಬರು ತಮ್ಮ ಮನೆಯ ಸೀಸೆಯ ವಿಚಾರ ಕೇಳಿದರು. ಮರವು ಹಳೆಯ ಎಲೆಯನ್ನೆಲ್ಲ ಉದುರಿಸಿ, ಬೇಸಗೆಯಲ್ಲಿ ಹೊಸತಾಗಿ ಚಿಗುರಿತು. ಮುಂಗಾರಿನ ಮೊದಲ ಮಳೆಯ ನಂತರ ಒಂದು ಬೆಳಿಗ್ಗೆ ಆ ಹುಡುಗಿಯೇ ಓಡಿಬಂದು, "ಮೇಷ್ಟ್ರೇ, ನಿಮ್ಮ ಪತ್ರೆಯ ಮೇಲೆ ಹಕ್ಕಿ ಗಲೀಜು ಮಾಡಿದೆ" ಎಂದಳು. ಹೋಗಿ ನೋಡಿದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ತೋರಿಸಿದೆ. ಹಿಕ್ಕೆಯು ತಲೆಯೆತ್ತಿ ಕೊಂಬು ಚಾಚಿತು. ಅವಳು ಕಿರಿಚಿ ಹಿಂದಕ್ಕೆ ಹಾರಿ, ಮತ್ತೆ ಹತ್ತಿರ ಬಂದು ಎಣಿಸತೊಡಗಿದಳು. ಹನ್ನೊಂದು ಸಿಕ್ಕವು. ಅನಂತರ ನಾನು ಇನ್ನೊಂದು ರೆಂಬೆಯನ್ನು ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ, ತೂತಿಲ್ಲದ ಪತ್ರೆಯೊಂದನ್ನು ಕಿತ್ತು ಒರೆಸಿ ಅವಳ ಕೈಗೆ ಕೊಟ್ಟೆ. ಅವಳು ಬಾಯಿಗಿಡುವ ಮೊದಲು ನನ್ನ ಮುಖವನ್ನು ನೋಡಿದಳು.